ಮನೆಯ ಹಾಲು

ಬಣ್ಣದ ಕಾರ್ಖಾನೆಯ ಹಿಂದಿನ ಕೋಣೆಯಲ್ಲಿ ಕೂಲಿ ಹೆಂಗಸರ ಮಕ್ಕಳನ್ನು ನೋಡಿಕೊಳ್ಳುವ ಆಯಮ್ಮನಿಗೆ ಕೇರಿಯವರು ಇಟ್ಟ ಹೆಸರು ಸಂಶಯದಮ್ಮ. ಹೆಸರೇನೂ ಸುಮ್ಮನೆ ಬಂದದ್ದಲ್ಲ. ಹೊರಗಿನಿಂದ ಯಾವ ತಿಂಡಿ ಬಂದರೂ ಮೊದಲು ತನ್ನ ಬಾಯಿಗೆ ಹಾಕಿಕೊಂಡು, ಸ್ವಲ್ಪ ಹೊತ್ತು ಕಾದು, ತಾನಿನ್ನೂ ಬದುಕಿದ್ದೇನೆಂದು ಖಾತ್ರಿಯಾದ ಮೇಲೆಯೇ ಮಕ್ಕಳಿಗೆ ಕೊಡುತ್ತಿದ್ದಳು. ಅರ್ಧ ತಿಂಡಿ ಪರೀಕ್ಷೆಗೇ ಖರ್ಚಾಗುತ್ತದೆಂದು ಹೆಂಗಸರು ನಗುತ್ತಿದ್ದರು. ನಗಲಿ ಬಿಡಿ. ತಾಯಂದಿರು ಕುದಿಯುವ ಹಂಡೆಗಳ ಮುಂದೆ ಬೇಯುತ್ತಿರುವಾಗ ಮಕ್ಕಳ ಮೇಲೆ ಒಂದು ಕಣ್ಣಾದರೂ ತೆರೆದಿರಬೇಕಲ್ಲ.

ಈಚೆಗೆ ಆ ಕಣ್ಣು ಬಿದ್ದದ್ದು ಹೊಸ ಬಣ್ಣಗಾರನ ಮೇಲೆ. ಹೆಂಡತಿ ಸತ್ತವನು, ಮೊಣಕೈವರೆಗೆ ನೀಲಿ, ಮಾತು ಕಡಿಮೆ. ಪುಟ್ಟ ಮಗಳು ಗುಬ್ಬಿಯನ್ನು ಬೆಳಿಗ್ಗೆ ಬಿಟ್ಟುಹೋಗುವಾಗ ಉಳಿದ ಮಕ್ಕಳ ಕೈಗೂ ಒಂದೊಂದು ಮಿಠಾಯಿ ಇಡುತ್ತಿದ್ದ. ಬಿಟ್ಟಿ ಹಂಚುವವನನ್ನು ಯಾರಾದರೂ ನಂಬುತ್ತಾರೆಯೇ? ಅವನು ಕೆಲಸಕ್ಕೆ ಸೇರಿದ ಮೇಲೆಯೇ ಮಕ್ಕಳು ಮಧ್ಯಾಹ್ನ ಕೊರಡಿನಂತೆ ಮಲಗತೊಡಗಿದ್ದು. ಎಬ್ಬಿಸಿದರೆ ತೂರಾಡಿ ಮತ್ತೆ ಗೋಡೆಗೆ ಒರಗುತ್ತಿದ್ದವು. ಆಯಮ್ಮ ಮಿಠಾಯಿ ತಿಂದು ನೋಡಿದಳು, ಅವಳಿಗೇನೂ ಆಗಲಿಲ್ಲ. ಆದರೂ ಸಂಶಯ ಹೋಗದೆ, ಅವನ ಮೇಲೊಂದು ಕಣ್ಣಿಡಿ ಎಂದು ಹೆಂಗಸರ ಕಿವಿ ಊದಿದಳು. ಆಮೇಲೆ ಅವನನ್ನೇ ಬಾಗಿಲಲ್ಲಿ ತಡೆದು, ಇನ್ನು ಮಿಠಾಯಿ ತರಕೂಡದೆಂದಳು.

ಅವನು ಅವಳನ್ನೇ ನೋಡಿದ. "ಮನೇಲಿ ಇವಳು ಹಗಲು ಕಣ್ಣೇ ಮುಚ್ಚಲ್ಲ. ಇಲ್ಲಿ ಮಾತ್ರ ಸಂಜೆವರೆಗೂ ಮಲಗಿರ್ತಾಳೆ. ಯಾಕೆ ಆಯಮ್ಮ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಎಂದುಕೊಂಡು ಅವಳು ಒಳಗೆ ಹೋದಳು. ಆದರೆ ಮಿಠಾಯಿ ನಿಂತ ಮೇಲೂ ಮಕ್ಕಳು ಹಾಗೆಯೇ ಮಲಗಿದವು. ಮಾರನೆಯ ದಿನ ಮನೆಗೆ ಊಟಕ್ಕೆ ಹೋಗಿ ಮರಳುತ್ತಿದ್ದವಳಿಗೆ ಬಣ್ಣಗಾರನ ಆ ಪ್ರಶ್ನೆ ಮುಳ್ಳಿನಂತೆ ಚುಚ್ಚಿತು. ತಾನಿಲ್ಲದ ಹೊತ್ತಿನಲ್ಲಿ ಮಕ್ಕಳ ಬಳಿ ಇರುವವಳು ತನ್ನ ಅಕ್ಕ. ಅಕ್ಕ ನೆಲೆಯಿಲ್ಲದೆ ತಂಗಿಯ ಮನೆ ಸೇರಿದ್ದೂ ಬಣ್ಣಗಾರ ಬಂದ ದಿನಗಳಲ್ಲೇ. ಮಕ್ಕಳಿಗೆ ಹಾಲು ಕಾಯಿಸಿ ತರುವವಳೂ ಅವಳೇ. ಆ ಹಾಲನ್ನು ಮಾತ್ರ ಆಯಮ್ಮ ಒಂದು ದಿನವೂ ರುಚಿ ನೋಡಿರಲಿಲ್ಲ. ಅದು ಮನೆಯ ಹಾಲು, ಹೊರಗಿನದಲ್ಲವಲ್ಲ.

ಅರ್ಧ ದಾರಿಯಿಂದ ಓಡಿಬಂದಳು. ಲೋಟಗಳು ತುಂಬಿ ಸಾಲಾಗಿದ್ದವು. ಗುಬ್ಬಿಯದೊಂದೇ ಖಾಲಿ. ಮಗು ಚಾಪೆಯ ಮೇಲೆ ಬಿದ್ದಿತ್ತು, ತುಟಿ ಕಪ್ಪಿಟ್ಟಿತ್ತು, ಉಸಿರು ನಿಂತು ನಿಂತು ಬರುತ್ತಿತ್ತು. ಆಯಮ್ಮ ತುಂಬಿದ ಲೋಟವೊಂದನ್ನು ಎತ್ತಿ ಹಿಡಿದಳು.

"ಅಕ್ಕಾ, ಇದನ್ನ ನೀನು ಕುಡಿ."

ಅಕ್ಕ ಮುಖ ತಿರುಗಿಸಿದಳು. "ಕೆಮ್ಮಿನ ಔಷಧಿ ಕಣೆ, ನಾಲ್ಕು ಹನಿ. ಇವತ್ತು ಇದು ಅಳು ನಿಲ್ಲಿಸ್ಲಿಲ್ಲ, ಸ್ವಲ್ಪ ಜಾಸ್ತಿ ಹಾಕ್ದೆ. ಅಮ್ಮ ಸತ್ತ ಮೇಲೆ ಕೂಲಿಗೆ ಹೋಗೋವಾಗ ನಿನಗೂ ಹೀಗೇ ಕೊಟ್ಟು ಮಲಗಿಸ್ತಿದ್ದೆ. ನೀನೇನು ಸತ್ತೋದೆಯಾ?"

ಆಯಮ್ಮ ಹಾಲನ್ನೆಲ್ಲ ಮೋರಿಗೆ ಸುರಿದು, ಔಷಧಿ ಬಾಟಲಿ ಕಿತ್ತುಕೊಂಡು, ಹೆಂಗಸರನ್ನು ಕೂಗಿದಳು. ಮಗುವನ್ನು ಎತ್ತಿಕೊಳ್ಳುವಾಗ ಅಕ್ಕ ಅವಳ ತೋಳು ಹಿಡಿದಳು.

"ಮಿಠಾಯಿ ತಿಂದು ಹೀಗಾಯ್ತು ಅಂದ್ಬಿಡು. ಅವನ ಮೇಲೆ ಎಲ್ಲರಿಗೂ ಅನುಮಾನ ಇದ್ದೇ ಇದೆ. ನೀನೇ ಹುಟ್ಟಿಸಿದ್ದು."

ಆಸ್ಪತ್ರೆಗೆ ಬಣ್ಣಗಾರನೂ ಹಿಂದೆಯೇ ಓಡಿಬಂದ, ಹತ್ತಾರು ಹೆಂಗಸರೂ ಬಂದರು. ಮಗು ಏನು ತಿಂದಿದೆ ಬೇಗ ಹೇಳಿ ಎಂದರು ಡಾಕ್ಟರು. ಹೆಂಗಸರ ಕಣ್ಣೆಲ್ಲ ಬಣ್ಣಗಾರನ ಮೇಲೆ. ಒಬ್ಬಳು ಆಗಲೇ ಮಿಠಾಯಿ ಎಂದು ಗೊಣಗಿದಳು. ಸುಮ್ಮನಿದ್ದರೆ ಸಾಕು, ಅಕ್ಕ ಉಳಿಯುತ್ತಾಳೆ. ತನ್ನ ತುತ್ತು ತೆಗೆದು ತಂಗಿಗಿಟ್ಟವಳು, ತಾಯಿಗಿಂತ ಹೆಚ್ಚಿನವಳು. ಆದರೆ ಮಗುವಿನ ಉಸಿರು ಮತ್ತೆ ನಿಂತಿತು, ಈ ಸಲ ಬೇಗ ಬರಲಿಲ್ಲ.

"ಮಿಠಾಯಿ ಅಲ್ಲ," ಎಂದು ಬಾಟಲಿ ಮುಂದೆ ಹಿಡಿದಳು. "ಇದನ್ನ ಹಾಲಿಗೆ ಹಾಕಿ ಕುಡಿಸಿದ್ದಾರೆ. ಕುಡಿಸಿದ್ದು ನಮ್ಮಕ್ಕ. ದಿನಾ ಎಲ್ಲಾ ಮಕ್ಕಳಿಗೂ ಕುಡಿಸಿದ್ದಾಳೆ."

ಡಾಕ್ಟರು ಬಾಟಲಿ ಕಸಿದುಕೊಂಡು ಒಳಗೆ ಓಡಿದರು. ಹೆಂಗಸರು ಒಬ್ಬರ ಹಿಂದೊಬ್ಬರು ಆಯಮ್ಮನ ಪಕ್ಕದಿಂದ ಸರಿದು ನಿಂತರು.

ಸಂಜೆ ಗುಬ್ಬಿ ಕಣ್ಣು ಬಿಟ್ಟು ಅಳತೊಡಗಿದಳು. ಆ ಅಳು ಕೇಳಿ ಆಯಮ್ಮನಿಗೂ ಅಳು ತಡೆಯಲಾಗಲಿಲ್ಲ. ಬಣ್ಣಗಾರ ಮಗಳನ್ನು ಎತ್ತಿಕೊಂಡು ಹೊರಬಂದಾಗ ಆಯಮ್ಮ ಅಭ್ಯಾಸಬಲದಿಂದ ಎರಡೂ ಕೈ ಚಾಚಿದಳು. ಅವನು ಮಗುವನ್ನು ಆಚೆಯ ಹೆಗಲಿಗೆ ಬದಲಿಸಿಕೊಂಡು ಒಂದು ಹೆಜ್ಜೆ ಹಿಂದೆ ಸರಿದ.

ಅವಳಿಗೆ ಸಿಟ್ಟು ಬರಲಿಲ್ಲ. ಅವನ ಜಾಗದಲ್ಲಿ ತಾನಿದ್ದರೂ ಕೊಡುತ್ತಿರಲಿಲ್ಲ.