ಬಾಗಿಲಲ್ಲಿ ಒಪ್ಪಿಕೊಂಡವನು

ಕೋರ್ಟಿಗೆ ಉಡುವ ನೀಲಿ ಲಂಗಕ್ಕೆ ಇಸ್ತ್ರಿ ಹಾಕುತ್ತಿದ್ದೆ, ಎರಡು ಮಡಿಕೆ ಉಳಿದಿದ್ದವು, ಫೋನ್ ಬಂತು. ಸಾಕ್ಷಿಗಳನ್ನು ನೋಡಿಕೊಳ್ಳುವ ಕಚೇರಿಯ ಜೆಮ್ಮಾ.

"ಹಿಲ್ಡಾ, ಚಿನ್ನ, ನಾಳೆ ನಿಮ್ಮ ಕೇಸಿದೆ. ಆದ್ರೆ ಕೋಣೆ ಗೊತ್ತಾಗಿಲ್ಲ. ಯಾವ ಜಡ್ಜ್ ಖಾಲಿ ಆಗ್ತಾರೋ ಅವರ ಮುಂದೆ."

"ಹೋದ್ಸಲಾನೂ ಇದೇ ಹೇಳಿದ್ರಿ. ನಾಲ್ಕರವರೆಗೆ ಕೂತು, ಬಿಸ್ಕತ್ತು ತಿಂದು ವಾಪಸ್ ಬಂದೆ."

"ಬಿಸ್ಕತ್ತಾದ್ರೂ ಚೆನ್ನಾಗಿತ್ತಾ?"

"ಮೆತ್ತಗಾಗಿತ್ತು."

ಎರಡು ವರ್ಷ ಮೂರು ತಿಂಗಳಾಗಿತ್ತು. ಕಸದ ತೊಟ್ಟಿಯ ಜಗಳದಲ್ಲಿ ಪಕ್ಕದ ಮನೆಯ ಕ್ರೇಗ್ ಔಟ್‌ವೈಟ್ ನನ್ನನ್ನು ಮೆಟ್ಟಿಲಿನಿಂದ ನೂಕಿ ಮಣಿಕಟ್ಟು ಮುರಿದಿದ್ದ. ಕೆಳಗಿನ ಕೋರ್ಟಿನಲ್ಲೇ ಬೇಗ ಮುಗಿಯಬಹುದಿತ್ತು. ಅವನು ಮೇಲಿನ ಕೋರ್ಟೇ ಬೇಕು, ಹನ್ನೆರಡು ಜನಸಾಮಾನ್ಯರು ಕೂತು ತೀರ್ಪು ಹೇಳುವ ಜ್ಯೂರಿಯೇ ಬೇಕೆಂದ. ಕೇಳುವ ಹಕ್ಕು ಅವನದು, ಅದನ್ನು ತಪ್ಪೆನ್ನಲಾರೆ. ಆದರೆ ಅಲ್ಲಿ ಕೇಸುಗಳ ಸರದಿ ಎಷ್ಟುದ್ದವೆಂದು ಅವನಿಗೆ ಗೊತ್ತಿತ್ತು. ನನಗೆ ಎಪ್ಪತ್ತೊಂಬತ್ತೆಂಬುದೂ ಗೊತ್ತಿತ್ತು. ನನ್ನೊಡನೆ ಮಾತಾಡಕೂಡದೆಂದು ಜಾಮೀನಿನ ಷರತ್ತಿತ್ತು, ಹಾಗಾಗಿ ದಿನಾ ಬೇಲಿಯಾಚೆ ತನ್ನ ನಾಯಿಗೆ ಹೇಳುತ್ತಿದ್ದ: "ನೋಡೋ ಬ್ರೂನೋ, ಮುದುಕಿ ಇನ್ನೂ ಇದ್ದಾಳೆ."

ಅವನು ಕೂತು ಕೇಳಬೇಕು, ನಾನು ನಿಂತು ಹೇಳಬೇಕು. ನನಗೆ ಬೇಕಿದ್ದದ್ದು ಅಷ್ಟೇ.

ಮರುದಿನ ಹತ್ತಕ್ಕೆ ಸಾಕ್ಷಿಗಳ ಕೋಣೆಯಲ್ಲಿ ಕೂತೆ. ಅರ್ಧ ಗಂಟೆಗೆ ಸರ್ಕಾರದ ಕಡೆಯ ವಕೀಲರು ನಗುತ್ತಾ ಬಂದರು.

"ಒಳ್ಳೇ ಸುದ್ದಿ. ತಪ್ಪು ಒಪ್ಕೊಂಡ. ನೀವಿನ್ನು ಮನೆಗೆ ಹೋಗಬಹುದು."

"ಇವತ್ತೇ ಯಾಕೆ ಒಪ್ಕೊಂಡ?"

"ಈ ಸಲ ಜಡ್ಜೂ ಸಿಕ್ಕಿದ್ರು, ನೀವೂ ಬಂದಿದ್ದೀರಿ ಅಂತ ಗೊತ್ತಾಯ್ತಲ್ಲ."

"ಬರದೇ ಇದ್ದಿದ್ರೆ?"

ಅವರು ತಲೆಯ ಮೇಲಿನ, ವಕೀಲರು ಹಾಕುವ ಬಿಳಿ ಕೂದಲ ಟೋಪನ್ ಸರಿಮಾಡಿಕೊಂಡರು. "ಕೇಸು ಬಿದ್ದುಹೋಗ್ತಿತ್ತೇನೋ."

"ಅಂದ್ರೆ ಇಷ್ಟು ದಿನ ಅವನು ಕಾದಿದ್ದು ನನ್ನ ಹೆಣಕ್ಕೆ."

"ಹಾಗನ್ನಬಾರದು, ಮಿಸೆಸ್ ಥ್ರೆಲ್‌ಫಾಲ್."

"ಮತ್ತೆ ಹ್ಯಾಗನ್ನಬೇಕು, ನೀವೇ ಹೇಳಿ. ಕೊನೇ ಗಳಿಗೇಲಿ ಕೋರ್ಟಿನ ಬಾಗಿಲಲ್ಲಿ ಒಪ್ಕೊಂಡಿದ್ದಕ್ಕೂ ಶಿಕ್ಷೇಲಿ ರಿಯಾಯಿತಿ ಕೊಡ್ತೀರಾ?"

"ಸ್ವಲ್ಪ. ಹತ್ತರಲ್ಲೊಂದು ಪಾಲು. ಶಿಕ್ಷೆ ಹೇಳೋದು ಮೂರು ವಾರ ಬಿಟ್ಟು. ನೀವು ಬರೋ ಅಗತ್ಯ ಇಲ್ಲ."

ಅಗತ್ಯ ಇಲ್ಲವಂತೆ. ಮುರಿದದ್ದು ನನ್ನ ಕೈ, ಒಪ್ಪಂದ ಅವರವರಲ್ಲಿ.

ಮನೆಗೆ ಬಂದವಳು ಕೋಟು ಬಿಚ್ಚಲಿಲ್ಲ. ಬಿದ್ದ ತಿಂಗಳೇ ಪೊಲೀಸ್ ಹೆಣ್ಣುಮಗಳೊಬ್ಬಳು ಹೇಳಿದ್ದಳು: ಈ ಪೆಟ್ಟಿನಿಂದ ನಿಮ್ಮ ಬದುಕಿಗೆ ಏನಾಯಿತೆಂದು ಪತ್ರ ಬರೆದುಕೊಡಿ, ಶಿಕ್ಷೆಗೆ ಮುಂಚೆ ಜಡ್ಜ್ ಅದನ್ನು ನೋಡುತ್ತಾರೆ, ಬೇಕಿದ್ದರೆ ಕೋರ್ಟಿನಲ್ಲಿ ನೀವೇ ಓದಲು ಕೇಳಿಕೊಳ್ಳಬಹುದು. ಆಗಲೇ ಬರೆದಿದ್ದೆ. ಕಾಗದ ಕೊಟ್ಟರೆ ಕಡತಕ್ಕೆ ಸೇರಿಸಿ ನನ್ನನ್ನು ಮನೆಯಲ್ಲೇ ಕೂರಿಸುತ್ತಾರೆಂದು ಕಳಿಸಿರಲಿಲ್ಲ. ಈಗ ಅದರ ಕೊನೆಗೆ ಒಂದು ಸಾಲು ಸೇರಿಸಿದೆ: ಇದನ್ನು ನಾನೇ ಓದುತ್ತೇನೆ, ಅವನ ಎದುರಿಗೆ.

ಲಕೋಟೆ ಅಂಟಿಸಿ, ಸಂಜೆಯ ಟಪಾಲು ಎತ್ತುವ ಮೊದಲೇ ಬೀದಿ ಕೊನೆಯ ಕೆಂಪು ಡಬ್ಬಿಗೆ ಹಾಕಿದೆ.