ಅತ್ತೆಯ ಬಾಯಲ್ಲಿ ನುಣುಪು

ನಮ್ಮ ಪೊಂದೂರಿನಲ್ಲಿ ನೂಲು ನುಣುಪೋ ಒರಟೋ ಎಂಬುದನ್ನು ನನ್ನ ಅತ್ತೆ ಪೈಡಮ್ಮನವರೇ ಹೇಳಬೇಕು. ಎಳೆಯನ್ನು ಎರಡು ಬೆರಳ ನಡುವೆ ಒಮ್ಮೆ ಜಾರಿಸಿ, 'ಒರಟು' ಎಂದು ಲಡಿಯನ್ನು ಪಕ್ಕಕ್ಕೆ ಎಸೆಯುವುದು ಅವರ ಮೂವತ್ತು ವರ್ಷದ ಅಭ್ಯಾಸ. ಹನ್ನೊಂದು ವರ್ಷದಲ್ಲಿ ಈ ಸೊಸೆಗೆ ಸಿಕ್ಕ ದೊಡ್ಡ ಹೊಗಳಿಕೆಯೆಂದರೆ 'ಅಷ್ಟೇನೂ ಒರಟಿಲ್ಲ'. ಅಂಥ ಜಿಪುಣತನ.

ನಮ್ಮಲ್ಲಿ ಹತ್ತಿ ಬಾಚಲು ಬಾಚಣಿಗೆಯಂತೆ ಬಳಸುವುದು ಮೀನಿನ ದವಡೆ. ಆ ಸೋಮವಾರ ನನ್ನ ಬಾಚಣಿಗೆಯ ಎರಡು ಹಲ್ಲು ಮುರಿದಿದ್ದವು. ನೂಲಿನ ತುಂಬ ಗಂಟು. ಬೈಸಿಕೊಳ್ಳಲು ಸಿದ್ಧಳಾಗಿಯೇ ಲಡಿ ಕೊಟ್ಟೆ. ಅತ್ತೆ ಎಳೆ ಜಾರಿಸಿ ನೋಡಿ, "ನುಣುಪು" ಎಂದರು.

ಜಗಲಿಯಲ್ಲಿದ್ದ ಹೆಂಗಸರು ನನಗೆ ಶುಕ್ರದೆಸೆ ಬಂತೆಂದು ರೇಗಿಸಿದರು. ನನಗೆ ನಗು ಬರಲಿಲ್ಲ. ನೆರೆಮನೆಯ ನರಸಮ್ಮನ ಲಡಿಯೂ ನುಣುಪು, ಮೊನ್ನೆ ತಾನೇ ರಾಟೆ ಹಿಡಿದ ಅವಳ ಮಗಳದ್ದೂ ಅತ್ತೆಗೆ ನುಣುಪು.

ಅಂದಿನಿಂದ ಅತ್ತೆಯ ಕೈಗಳನ್ನೇ ಗಮನಿಸತೊಡಗಿದೆ. ಒಂದು ದಿನ ಒಲೆಯ ಮೇಲಿನ ಅನ್ನದ ತಪ್ಪಲೆಯನ್ನು ಬಟ್ಟೆಯಿಲ್ಲದೆ ಇಳಿಸಿದರು. ಬೊಬ್ಬೆ ಎದ್ದದ್ದು ಅವರಿಗೆ ಗೊತ್ತಾದದ್ದು ಊಟಕ್ಕೆ ಕೂತಾಗ. ಮಣಿಕಟ್ಟಿನಲ್ಲಿ ಬಿಳಿಚಿದ ಮಚ್ಚೆಯೊಂದಿತ್ತು. ನಾನು ನೋಡಿದೊಡನೆ ಬಳೆಯನ್ನು ಅದರ ಮೇಲೆ ಎಳೆದುಕೊಂಡರು. ನನ್ನ ತವರಿನಲ್ಲಿ ಬಲೆ ಹೆಣೆಯುತ್ತಿದ್ದ ಸೂರಯ್ಯನ ಕುಷ್ಠವೂ ಇಂಥ ಮಚ್ಚೆಯಿಂದಲೇ ಶುರುವಾಗಿತ್ತು. ಅವನು ಆಸ್ಪತ್ರೆಗೆ ಹೋದದ್ದು ತಡವಾಗಿ. ಮೊಂಡಾದ ಅವನ ಬೆರಳುಗಳು ನೆನಪಾಗಿ ನನಗೆ ಊಟ ಸೇರಲಿಲ್ಲ.

ಆ ಮಧ್ಯಾಹ್ನ ನಾವಿಬ್ಬರೇ ಇದ್ದಾಗ ಸೋಮವಾರದ ಅದೇ ಲಡಿಯನ್ನು ಮುಂದಿಟ್ಟೆ.

"ಇದು ಒರಟು, ಅತ್ತೆ."

ಅವರ ತೀರ್ಪನ್ನು ಅಲ್ಲಗಳೆದವರು ಊರಲ್ಲಿ ಯಾರೂ ಇರಲಿಲ್ಲ. ಹುಬ್ಬು ಗಂಟಿಕ್ಕಿ ಎಳೆಯನ್ನು ಬೆರಳಲ್ಲಿ ಜಾರಿಸಿದರು. ಮತ್ತೆ ಜಾರಿಸಿದರು. ಕೊನೆಗೆ ತುಟಿಯ ಮೇಲೆ ಆಡಿಸಿ ನೋಡಿ, ಲಡಿಯನ್ನು ಮಡಿಲಿಗೆ ಹಾಕಿಕೊಂಡರು.

ಬೆರಳಿಗೆ ಸ್ಪರ್ಶ ತಿಳಿಯದಿರುವುದು ಯಾವಾಗಿನಿಂದ ಎಂದು ಕೇಳಿದೆ. ಸಂಕ್ರಾಂತಿಯಿಂದ ಎಂದರು.

"ಒರಟು ಅಂದ್ರೆ ಎಲ್ಲಿ ತೋರ್ಸಿ ಅಂತೀರಿ ನೀವೆಲ್ಲ. ನುಣುಪು ಅಂದ್ರೆ ಯಾವಳು ಜಗಳಕ್ಕೆ ಬರ್ತಾಳೆ?"

ನಾಳೆಯೇ ಆಸ್ಪತ್ರೆಗೆ ಹೋಗೋಣ, ಬೇಗ ಹೋದರೆ ಬೆರಳು ಉಳಿಯುತ್ತವೆ ಎಂದೆ. ಬೇಡವೆಂದರು. ಊರಿಗೆ ಗೊತ್ತಾದರೆ ಯಾರೂ ತಮ್ಮ ಕೈಗೆ ನೂಲು ಕೊಡುವುದಿಲ್ಲವಂತೆ. ನನಗೆ ಹೆದರಿಕೆಗೆ ಸಿಟ್ಟೇ ಬಂತು. ಅವರ ಬಲಗೈ ಬೆರಳುಗಳನ್ನು ಗಟ್ಟಿಯಾಗಿ ಹಿಡಿದು ಕೂತೆ.

ಅತ್ತೆ ಬೀದಿಯ ಕಡೆಗೇ ನೋಡುತ್ತಿದ್ದರು. ಅತ್ತ ನೋಡುತ್ತಲೇ ಹೇಳಿದರು.

"ಸರಿ, ಬರ್ತೀನಿ. ಆದ್ರೆ ಒಬ್ಬಳೇ ಒಳಗೆ ಹೋಗಲ್ಲ. ನನ್ನ ಕೈ ಹಿಡ್ಕೋಬೇಕು ನೀನು."

ನಾನು ಆಗಲೇ ಹಿಡಿದಿದ್ದೆ.