ಗೇಟಿನ ಹಳೆಯ ಪುಟ

ನಾಸಿಕದಿಂದ ನಸುಕಿನ ಬಸ್ಸು ಹಿಡಿದು ಹೊರಟ ಮಾಲವಿಕಾ ವಾಳೂಜಿನ ಕಾರ್ಖಾನೆ ಗೇಟಿಗೆ ಬಂದಾಗ ಕೆಲಸಗಾರರೆಲ್ಲ ಒಳಗೆ ಹೋಗಿಯಾಗಿತ್ತು. ನಿಫಾಡಿನಲ್ಲಿ ದ್ರಾಕ್ಷಿ ಲಾರಿಗಳ ನಡುವೆ ಬಸ್ಸು ಸಿಕ್ಕಿಕೊಂಡಿತ್ತು. ಗೇಟಿನ ಹೊರಗೆ ಒಬ್ಬಳೇ ನಿಂತಿದ್ದಾಕೆ ಗುಂಡವ್ವ.

ಗುಂಡವ್ವ ಬೀದರ ಕಡೆಯವಳು, ಗುತ್ತಿಗೆಯ ಮೇಲೆ ಬಿಡಿಭಾಗ ತೊಳೆಯುವ ಕೆಲಸದವಳು. ಮಗಳ ಬಾಣಂತನಕ್ಕೆ ರಜೆ ಕೇಳಿಯೇ ಊರಿಗೆ ಹೋಗಿದ್ದಳು. ತಿರುಗಿ ಬಂದು ಕಾರ್ಡು ತೋರಿಸಿದರೆ ಗೇಟಿನ ಕಂಪ್ಯೂಟರು ಕೆಂಪು ದೀಪ ಹಚ್ಚಿತು. ಬಹಳ ದಿನ ಬಾರದವರನ್ನು ಅದು ಒಳಗೆ ಬಿಡುತ್ತಿರಲಿಲ್ಲ. ರಜೆ ಪಡೆದು ಹೋದವರು ಬೇರೆ ಎಂಬುದು ಅದಕ್ಕೆ ತಿಳಿಯದು. ಯಾರನ್ನು ಬಿಡಬೇಕೆಂದು ಅದಕ್ಕೆ ಹೇಳಿಕೊಡುವ ಪ್ರೋಗ್ರಾಮಿನ ಪುಟವನ್ನು ಬರೆದವಳು ಮಾಲವಿಕಾ. ಸರಿಪಡಿಸಲು ಬಂದವಳೂ ಅವಳೇ.

“ಒಂಬತ್ತೂವರಿ ತನಕ ನೋಡ್ತೇನಿ ಅಂದಾನ ಗುತ್ತೇದಾರ ಸಾಳವೆ ಸಾಹೇಬ,” ಎಂದಳು ಗುಂಡವ್ವ. “ಆಮ್ಯಾಲೆ ನನ್ನ ಜಾಗಾಕ್ಕ ಬ್ಯಾರೇ ಹೆಂಗಸು ಬರ್ತಾಳಂತ್ರಿ.”

“ಅಷ್ಟೊತ್ತು ಬೇಕಾಗಂಗಿಲ್ಲ, ಬಿಡ್ರಿ,” ಎಂದಳು ಮಾಲವಿಕಾ.

ಗೇಟು ಕಾಯುವ ರುಕ್ಮಿಣಿಬಾಯಿ ಸೊಲ್ಲಾಪುರದವಳು, ಕನ್ನಡ ಮರಾಠಿ ಎರಡನ್ನೂ ಕಲಸಿ ಮಾತಾಡುವವಳು. ತನ್ನ ಸ್ಟೂಲನ್ನೇ ಎತ್ತಿಕೊಟ್ಟು, “ಬಸಾ, ಬಾಯಿ. ಕುಂತು ಮಾಡ್ರಿ,” ಎಂದಳು. ಬಿಸಿಲು ಲ್ಯಾಪ್‌ಟಾಪಿನ ಪರದೆಗೆ ಹೊಡೆಯುತ್ತಿತ್ತು. ಗುಂಡವ್ವ ಹೇಳಿಸಿಕೊಳ್ಳದೆಯೇ ಬಂದು ಸೆರಗು ಹರವಿ ನೆರಳು ಮಾಡಿದಳು.

ಮಾಲವಿಕಾ ಪುಟವನ್ನು ತಿದ್ದಿ, ಉಳಿಸಿ, ಗೇಟಿನ ಕಂಪ್ಯೂಟರು ಉತ್ತರ ಕೇಳುವ ಒಳಗಿನ ಸರ್ವರ್ ಯಂತ್ರಕ್ಕೆ ಕಳಿಸಿದಳು. ಗುಂಡವ್ವ ಕಾರ್ಡು ತೋರಿಸಿದಳು. ಕೆಂಪು.

ಇನ್ನೊಮ್ಮೆ ತಿದ್ದಿ ಕಳಿಸಿದಳು. ಕೆಂಪು.

ಸರ್ವರಿನ ರೀತಿಯೇ ಹಾಗೆ. ಮನುಷ್ಯರು ಬರೆದ ಪುಟವನ್ನು ಅದು ಮೊದಲ ಬಾರಿ ತೆರೆದಾಗ ತನ್ನ ಭಾಷೆಗೆ ತಿರುಗಿಸಿ, ಆ ಪ್ರತಿಯನ್ನು ತನ್ನದೊಂದು ಫೋಲ್ಡರಿನಲ್ಲಿ ಎತ್ತಿಡುತ್ತದೆ. ಆಮೇಲೆ ಯಾರು ಕೇಳಿದರೂ ಅದೇ ಪ್ರತಿಯಿಂದ ಉತ್ತರ. ಬರೆದ ಪುಟ ಆ ಪ್ರತಿಗಿಂತ ಹೊಸದಾಗಿದ್ದರೆ ಮಾತ್ರ ಮತ್ತೆ ತಿರುಗಿಸುವ ಕಷ್ಟ ತೆಗೆದುಕೊಳ್ಳುತ್ತದೆ. ಇಲ್ಲಿ ದಿನಾ ನಸುಕಿನಲ್ಲಿ ಆ ಫೋಲ್ಡರು ಖಾಲಿಯಾಗುತ್ತಿತ್ತು. ಬೆಳಿಗ್ಗೆ ಮೊದಲ ಕಾರ್ಡು ತೋರಿಸಿದಾಗ ಹೊಸ ಪ್ರತಿ ತಯಾರಾಗುತ್ತಿತ್ತು. ಇವತ್ತಿನ ಪ್ರತಿ ಹಳೆಯ ಪುಟದಿಂದ ಆಗಲೇ ತಯಾರಾಗಿತ್ತು. ಆದರೆ ತಾನು ಈಗ ತಾನೇ ಉಳಿಸಿದ ಪುಟ ಅದಕ್ಕಿಂತ ಹೊಸದಲ್ಲವೇ? ಮಾಲವಿಕಾಗೆ ತಿಳಿಯಲಿಲ್ಲ.

ಫೋಲ್ಡರನ್ನು ಅಳಿಸಿದರೆ ಮುಗಿಯುತ್ತಿತ್ತು. ಅವಳಿಗೆ ಪುಟ ಕಳಿಸುವ ಅಧಿಕಾರವಿತ್ತು, ಅಳಿಸುವ ಅಧಿಕಾರವಿರಲಿಲ್ಲ. ಆ ಅಧಿಕಾರವಿದ್ದವನು ತಂಗಿಯ ಮದುವೆಗೆಂದು ದೌಲತಾಬಾದಿಗೆ ಹೋಗಿದ್ದ, ಫೋನು ಎತ್ತಲಿಲ್ಲ. ಸರ್ವರಿನ ಕೋಣೆಗೆ ಬೀಗ.

“ಸಾವಕಾಶ ಮಾಡ್ರಿ, ಬಾಯಾರ,” ಎಂದಳು ಗುಂಡವ್ವ. “ನೀವು ಚಾ ಕುಡದೀರೋ ಇಲ್ಲೋ?”

ಮಾಲವಿಕಾ ಮತ್ತೆ ಉಳಿಸಿದಳು, ಮತ್ತೆ ಕಳಿಸಿದಳು. ಕೆಂಪು.

ಅಷ್ಟರಲ್ಲಿ ಗುತ್ತಿಗೆದಾರ ಸಾಳವೆ ಮೋಟಾರ್‌ಸೈಕಲ್ಲಿನಲ್ಲಿ ಬಂದ. ಹಿಂದೆ ಒಬ್ಬಳು ಎಳೆ ವಯಸ್ಸಿನ ಹೆಂಗಸು ಕೂತಿದ್ದಳು. ಅವಳು ಇಳಿದು ಯಾರ ಮುಖವನ್ನೂ ನೋಡದೆ ನಿಂತಳು. ಸಾಳವೆ ಗೇಟಿನ ಗಡಿಯಾರದತ್ತ ಬೆರಳು ಮಾಡಿದ.

“ಒಂಬತ್ತೂವರೆ ಆಯ್ತು, ಮೇಡಂ. ಲೈನ್ ಖಾಲಿ ನಿಂತ್ರೆ ನಾಳೆ ನನ್ನನ್ನೂ ಹೊರಗೆ ನಿಲ್ಲಿಸ್ತಾರೆ,” ಎಂದು ಹಿಂದಿಯಲ್ಲಿ ಹೇಳಿ, ಆ ಹೆಂಗಸನ್ನು ಹೊಸ ಕಾರ್ಡಿನ ಮೇಲೆ ಒಳಗೆ ಕಳಿಸಿದ. ಅವಳಿಗೆ ಹಸಿರು ಬಂತು.

ಮಾಲವಿಕಾ ಕೈಗಡಿಯಾರ ನೋಡಿದಳು. ಈಗ ತಾನೇ ಒಂಬತ್ತು.

“ಬಾಯಿ, ನಿಮ್ಮ ಗಡಿಯಾರ ಅರ್ಧ ಗಂಟೆ ಮುಂದ ಐತಲ್ರಿ!”

“ಹೋ, ಮುದ್ದಾಮ್ ಇಟ್ಟಾರ,” ಎಂದಳು ರುಕ್ಮಿಣಿಬಾಯಿ. “ಯಾರೂ ತಡಾ ಮಾಡಬಾರದಂತ ಮಾಲಕರೇ ಇಡಸ್ಯಾರ. ಒಳಗಿನ ಕಂಪ್ಯೂಟರಿಗೂ ಅದೇ ಟೈಮು.”

ಮೊದಲ ಕಾರ್ಡು ತೋರಿಸಿ ಇನ್ನೂ ಅರ್ಧ ಗಂಟೆಯಾಗಿರಲಿಲ್ಲ; ಬೆಳಗಿನ ಪ್ರತಿಯ ಮೇಲೆ ಇನ್ನೂ ಬಾರದ ಹೊತ್ತಿನ ಗುರುತು ಬಿದ್ದಿತ್ತು. ನಿಜವಾದ ಹೊತ್ತಿನ ಗುರುತಿದ್ದ ಮಾಲವಿಕಾಳ ಪುಟಗಳೆಲ್ಲ ಅದರ ಕಣ್ಣಿಗೆ ಹಳೆಯವೇ. ಅವಳು ಲ್ಯಾಪ್‌ಟಾಪಿನ ಗಡಿಯಾರವನ್ನು ಅರ್ಧ ಗಂಟೆ ಮುಂದೆ ತಿರುಗಿಸಿ, ಅದೇ ಪುಟವನ್ನು ಒಂದಕ್ಷರವೂ ಬದಲಿಸದೆ ಮತ್ತೆ ಉಳಿಸಿ ಕಳಿಸಿದಳು.

ಗುಂಡವ್ವ ಕಾರ್ಡು ತೋರಿಸಿದಳು. ಹಸಿರು. ಗೇಟಿನ ಅಡ್ಡಪಟ್ಟಿ ತೆರೆದುಕೊಂಡಿತು.

ಗುಂಡವ್ವ ಕಾಲು ಎತ್ತಲಿಲ್ಲ. ಸಾಳವೆಯ ಮುಖ ನೋಡಿದಳು.

“ಒಳಗೆ ಕಳಿಸಿದವಳನ್ನ ಹೇಗೆ ಹೊರಗೆ ಕರೀಲಿ?” ಎಂದ ಅವನು. ದನಿ ಮೊದಲಿನಷ್ಟು ಗಟ್ಟಿಯಾಗಿರಲಿಲ್ಲ. “ಆಕೆಗೂ ಕೂಸು ಅದೆ. ಜಾಗ ಖಾಲಿಯಾದ್ರೆ ಫೋನ್ ಮಾಡ್ತೀನಿ, ಮೌಶಿ. ಕಾರ್ಡು ಮಾತ್ರ ಕೊಟ್ಟು ಹೋಗ್ಬೇಕು.”

ಮಾಲವಿಕಾ ಸ್ಟೂಲಿನಿಂದ ಎದ್ದಳು. “ಗುಂಡವ್ವಾರ…” ಎಂದಳು.

“ಮತ್ತೊಬ್ಬಾಕಿ ಬಾಣಂತನಾ ಮುಗಿಸಿ ಬಂದ್ರ ಈಗ ಒಳಗ ಬಿಡತೈತೇನ್ರಿ?” ಎಂದು ಕೇಳಿದಳು ಗುಂಡವ್ವ.

“ಬಿಡತೈತಿ.”

“ಹಾಂಗಾದ್ರ ಛಲೋ ಆತು.”

ಕೊರಳಿನ ದಾರದಿಂದ ಕಾರ್ಡನ್ನು ಬಿಡಿಸಿ, ಅದರ ಮೇಲಿನ ಬೆವರನ್ನು ಸೆರಗಿನಿಂದ ಒರೆಸಿ, ರುಕ್ಮಿಣಿಬಾಯಿಯ ಕೈಗೆ ಕೊಟ್ಟಳು.